ಜೆಬೆಲ್ ಶಮ್ಸಿನ ಒದ್ದೆ ಜುಬ್ಬ

ಕೋವಿಡ್ ಮುಗಿದ ಮರುವರ್ಷದ ಚಳಿಗಾಲ. ನಾನಾಗ ಮಸ್ಕತ್ತಿನ ಬೌಷರ್‌ನಲ್ಲಿದ್ದ ಪ್ರವಾಸ ಕಂಪನಿಯೊಂದರಲ್ಲಿ ಟ್ರೆಕ್ ಲೀಡರ್. ಒಮಾನ್ ಎಂದರೆ ಬರೀ ಮರಳು, ಸೆಕೆ ಎನ್ನುವವರು ಜನವರಿಯಲ್ಲೊಮ್ಮೆ ಜೆಬೆಲ್ ಶಮ್ಸ್ ಬೆಟ್ಟ ಹತ್ತಬೇಕು; ಅಲ್ಲಿ ನೀರೇ ಹೆಪ್ಪುಗಟ್ಟುತ್ತದೆ. ಮೊದಲೆಲ್ಲ ಬರುತ್ತಿದ್ದವರು ನುರಿತ ಚಾರಣಿಗರು. ದಾರಿಯ ಏರು, ಗಾಳಿಯ ವೇಗ ವಿಚಾರಿಸುತ್ತಿದ್ದರು. ಆಮೇಲೆ ಬೆಟ್ಟ ಬೆಳ್ಳಗಾದ ವಿಡಿಯೊ ಎಲ್ಲರ ಫೋನಿಗೂ ಬಂತು. "ಸ್ನೋ ಎಲ್ಲುಂಟು? ಸಿಗ್ನಲ್ ಸಿಗ್ತದಾ?" ಎನ್ನುವವರೇ ಹೆಚ್ಚಾದರು. ಆಸೆ ಬೆಟ್ಟದಷ್ಟು, ಕಾಲಲ್ಲಿ ಚಪ್ಪಲಿ.

ಮಸ್ಕತ್ತಿನದೇ ಹಮ್ರಿಯಾದಲ್ಲಿ ಬಟ್ಟೆ ಅಂಗಡಿಯಿದ್ದ ಹಮೀದ್ ಕಾಕ ಹಾಗೆ ಬಂದವರು. ಉಳ್ಳಾಲ ಕಡೆಯ ಬ್ಯಾರಿ, ಅರವತ್ತು ದಾಟಿದ ತಮಾಷೆಯ ಮನುಷ್ಯ. ಜೊತೆಗೆ ಮಗ, ಸೊಸೆ ಸಫಿಯಾ.

ಇಳಿಯುವಾಗ ಆಲಿಕಲ್ಲು ಮಳೆ ಹಿಡಿಯಿತು. ಬಂಡೆಯ ಮರೆಯಲ್ಲಿ ನನ್ನ ಎಮರ್ಜೆನ್ಸಿ ಟೆಂಟ್ ಬಿಚ್ಚಿದೆ. ನಾಲ್ವರೂ ಒಳಗೆ ತೂರಿಕೊಂಡೆವು. ಕಾಕನ ಜುಬ್ಬ ತೊಯ್ದು ಮೈಗೆ ಅಂಟಿತ್ತು. ಒದ್ದೆ ಹತ್ತಿಬಟ್ಟೆ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಒಣ ಬಟ್ಟೆ ಕೊಟ್ಟೆ.

"ಸೊಸೆಯ ಎದುರು ಅಂಗಿ ತೆಗೀಲಿಕ್ಕೆ ಆಗ್ತದಾ ಶೆಟ್ರೇ? ಊರಿನ ಮಳೆಯಲ್ಲಿ ಎಷ್ಟು ಸಲ ನೆನೆದಿಲ್ಲ ನಾವು. ಮೈಮೇಲೇ ಒಣಗ್ತದೆ."

ಕಂಬಳಿ ಅಡ್ಡ ಹಿಡಿದೆ, ಒಪ್ಪಲಿಲ್ಲ. ಸಫಿಯಾ, "ನಾನು ಹೊರಗೆ ನಿಲ್ತೇನೆ ಮಾವ" ಎಂದು ಎದ್ದಳು.

"ಈ ಆಲಿಕಲ್ಲಿಗಾ? ಕೂತ್ಕೋ ಮಗಳೇ" ಎಂದು ಕಾಕ ಗದರಿದರು. ಅವಳು ಕೂತಳು.

ಸ್ವಲ್ಪ ಹೊತ್ತಿಗೆ ಅವರ ನಡುಕ ನಿಂತಿತು. "ನೋಡಿ, ಈಗ ಚಳಿಯೇ ಇಲ್ಲ. ಯಲ್ಲಾ, ಹೋಗುವ" ಎಂದರು. ಮಗ, ಸೊಸೆ ಸಮಾಧಾನದಿಂದ ನಕ್ಕರು. ನಾನು ಕಾಕನ ಮಣಿಕಟ್ಟು ಹಿಡಿದು ನೋಡಿದೆ; ಮಂಜಿನಂತೆ ತಣ್ಣಗಿತ್ತು. ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುವುದಕ್ಕೆ ಹೈಪೊಥರ್ಮಿಯಾ ಎನ್ನುತ್ತಾರೆ. ಅದು ವಿಪರೀತಕ್ಕೆ ಹೋದಾಗ ನಡುಕ ನಿಲ್ಲುತ್ತದೆ. ಕತ್ತರಿ ತೆಗೆದು ಜುಬ್ಬವನ್ನೇ ಸೀಳಿದೆ. ಕಾಕ ತಡೆಯಲಿಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ.

ಕಂಬಳಿಯಲ್ಲಿ ಸುತ್ತಿ, ಮಗನೂ ನಾನೂ ಹೊತ್ತು ಗಾಡಿಗೆ ತಂದೆವು. ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು.

ಸಾಂತ್ವನ ಹೇಳಲು ಹಮ್ರಿಯಾದ ಮನೆಗೆ ಹೋದಾಗ ಸಫಿಯಾ ಕೇಳಿದಳು: "ಅವರ ಮಾತು ಕೇಳದೆ ನಾನು ಹೊರಗೆ ಹೋಗಿದ್ದರೆ, ಮಾವ ಬಟ್ಟೆ ಬದಲಿಸ್ತಿದ್ರಾ?"

"ಇಲ್ಲಮ್ಮ" ಎಂದೆ.

ಬದಲಿಸುತ್ತಿದ್ದರು. ಈಗಲೂ ಯಾರಾದರೂ "ಚಳಿಯೇ ಇಲ್ಲ" ಎಂದರೆ, ಮನೆಯ ಎಸಿ ಕೋಣೆಯಲ್ಲಿ ಹೆಂಡತಿ ಅಂದರೂ ಸರಿ, ನನ್ನ ಕೈ ತಾನಾಗಿ ಅವರ ಮಣಿಕಟ್ಟಿಗೆ ಹೋಗುತ್ತದೆ. ಸಫಿಯಾಳಿಗೆ ಹೇಳಲಾಗದ್ದನ್ನು ಹೊಸ ಲೀಡರ್‌ಗಳಿಗೆ ಹೇಳುತ್ತೇನೆ: ಬೂಟು, ಜಾಕೆಟ್ ಆಮೇಲೆ ನೋಡಿ. ಯಾರ ಎದುರು ಯಾರು ಬಟ್ಟೆ ಬದಲಿಸಲಾರರು ಎಂದು ಮೊದಲು ತಿಳಿದುಕೊಳ್ಳಿ. ಟೆಂಟ್ ಎರಡು ಒಯ್ಯಿರಿ.