ಬಾಣಂತಿ ಕೋಣೆಗೆ ಬಂದ ಚೀನಾದ ಪಥ್ಯ

ಆ ಚೀನಾದವನ ಮುಖವನ್ನು ನಾನು ನೋಡಿದ್ದೇ ಇಲ್ಲ. ಆದರೂ ನೆನಪಿನಲ್ಲಿ ಒಂದು ಮುಖವಿದೆ: ಅಗಲ ಕೆನ್ನೆ, ಬೆವರು, ತಲೆಯ ಮೇಲೆ ಹುಲ್ಲಿನ ಟೋಪಿ. ಆಮೇಲೆ ಯಾವುದೋ ಚಿತ್ರದಿಂದ ಬಂದು ಸೇರಿಕೊಂಡದ್ದಿರಬೇಕು. ನಿಜವಾಗಿ ನನಗೆ ದಕ್ಕಿದ್ದು ದನಿ ಮಾತ್ರ. ನಾನು ಬಾಣಂತಿ, ಮದ್ದೂರಿನ ತವರುಮನೆಯ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಅವನು ಜಗಲಿಯ ಮೇಲಿದ್ದ.

ಮೂವತ್ತರ ದಶಕದ ಒಂದು ಬೇಸಿಗೆ. ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ, ಕಿವಿ ಮುಚ್ಚಿ ಕಟ್ಟಿದ ಬಟ್ಟೆ. ಉಣ್ಣಲು ಬೆಳ್ಳುಳ್ಳಿ, ಮೆಣಸಿನ ಸಾರು, ಕರಿ ಎಳ್ಳಿನ ಉಂಡೆ. ಹೆತ್ತ ಮೈ ಹಸಿ ಮೈ, ಶೀತ ಒಳಹೊಕ್ಕರೆ ಸಾಯುವ ತನಕ ಬಿಡುವುದಿಲ್ಲ ಎಂಬುದು ಅವ್ವನ ಶಾಸ್ತ್ರ. ಅದರಲ್ಲಿ ನನ್ನ ತಕರಾರಿರಲಿಲ್ಲ, ನೀರೊಂದು ಬಿಟ್ಟು. ಅದನ್ನು ಮಗುವಿಗೆ ಹಾಲು ಹಾಕುವ ಒಳಲೆಯಲ್ಲಿ ಅಳೆದು ಕೊಡುತ್ತಿದ್ದಳು. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಗೋಡೆಯಾಚೆ ಯಾರಾದರೂ ಬಿಂದಿಗೆ ಇಳಿಸಿದರೆ ಅಳು ಬರುತ್ತಿತ್ತು.

ರೇಷ್ಮೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದ ಆ ಚೀನಾದವನನ್ನು ಅವ್ವ ಕರೆದದ್ದು ಮಗುವಿನ ಕುಲಾವಿಗೆ ಒಂದು ತುಂಡು ಕೊಳ್ಳಲು. ಅವನದು ಮುರುಕು ಹಿಂದೂಸ್ತಾನಿ. ಎದುರುಮನೆಯ, ಎತ್ತಿಗೆ ಲಾಳ ಕಟ್ಟುವ ಸಾಬರು ಅದನ್ನು ಕನ್ನಡ ಮಾಡುತ್ತಿದ್ದರು.

“ಬಾಣಂತಿ ಮನೆ ಅಂದೆ ಕಣಮ್ಮ. ಶುಂಠಿ ಕೊಡ್ತಾ ಇದ್ದೀರಾ ಅಂತ ಕೇಳ್ತಾವ್ನೆ.”

ಅವ್ವ ಬಟ್ಟೆ ಕೆಳಗಿಟ್ಟಳು ಎಂದು ಬರೆಯಲು ಕೈ ಹೋಗುತ್ತದೆ. ಅದನ್ನೂ ನಾನು ನೋಡಿಲ್ಲ. ಚೌಕಾಸಿ ನಿಂತದ್ದು ಕೇಳಿಸಿತು, ಅಷ್ಟೆ.

“ಅವ್ರ ಸೀಮೇಲೂ ಸುಂಠಿ ಕೊಡ್ತಾರಾ? ಸೌತೆಕಾಯಿ ಕೊಡಬೌದಾ ಕೇಳಿ, ಸಾಬ್ರೆ.”

“ಬ್ಯಾಡ, ಮೈ ತಣ್ಣಗಾಯ್ತದೆ ಅಂತಾನೆ.”

“ಬೆಲ್ಲ?”

“ಬೆಲ್ಲ ಬಿಸಿಯಂತೆ. ಕರಿ ಎಳ್ಳೂ ಕೊಡಿ ಅಂತಾನೆ. ಹೆರಿಗೇಲಿ ರಕ್ತ ಹೋಯ್ತಲ್ಲ, ಅದರ ಜೊತೆ ಮೈ ಬಿಸೀನೂ ಹೋಗಿರ್ತದೆ, ಅದನ್ನ ಊಟದಲ್ಲೇ ತುಂಬಬೇಕಂತೆ.”

“ನೀವೇ ಏಳ್ಕೊಡ್ತಾ ಇಲ್ಲ ತಾನೆ?”

“ನಂಗೇನ್ ಗೊತ್ತಮ್ಮ, ನಾನು ಎತ್ತಿನ ಕಾಲು ನೋಡೋನು.”

ಅವ್ವ ನಕ್ಕಳು. ಕಡಲಾಚೆಯ ಗಂಡಸೊಬ್ಬ ಅವಳ ಅಡುಗೆಮನೆಯ ಲೆಕ್ಕವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಕೂಗಿದೆ:

“ಅವ್ವ, ನೀರಿನ ಇಸ್ಯ ಕೇಳವ್ವ.”

ಅನ್ಯ ಗಂಡಸರಿಗೆ ಬಾಣಂತಿಯ ದನಿ ಕೇಳಿಸಬಾರದು. ಅವ್ವ ಬೈಯಲಿಲ್ಲ. ಸಾಬರು ಕೇಳಿದರು. ಅವನು ತುಂಬ ಹೊತ್ತು ಮಾತಾಡಿದ.

“ತಣ್ಣೀರು ಮುಟ್ಟಿಸಬ್ಯಾಡಿ ಅಂತಾನೆ. ಶುಂಠಿ ಬೆಲ್ಲ ಹಾಕಿ ಕುದಿಸಿದ್ದಾದ್ರೆ, ಕೇಳಿದಷ್ಟು ಕೊಡಿ ಅಂತಾನೆ.”

ಬಾಣಂತಿಗೆ ಒಳಲೆಗಿಂತ ಹೆಚ್ಚು ನೀರು ಕೊಡಬೇಡ ಎಂದಿದ್ದವಳು ಅವ್ವನ ಅತ್ತೆ. ಅವಳು ಸತ್ತು ಎಷ್ಟೋ ವರ್ಷವಾಗಿತ್ತು, ಆಜ್ಞೆ ಮಾತ್ರ ಮನೆಯಲ್ಲೇ ಇತ್ತು.

“ಕುದ್ಸಿ ಸುಂಠಿ ಆಕುದ್ ಮ್ಯಾಲೆ ಅದೆಲ್ಲಿ ನೀರಾಯ್ತದೆ, ಸಾಬ್ರೆ? ಅದು ಕಸಾಯ. ಕಸಾಯ ಕೊಡಬ್ಯಾಡ ಅಂತ ನಮ್ಮತ್ತೆ ಯಾವತ್ತೂ ಅಂದಿಲ್ಲ.”

ಇಷ್ಟು ಚೆನ್ನಾಗಿ, ಇಷ್ಟು ಬೇಗ ಅಂದಿರಲಾರಳು. ನನ್ನ ದಾಹ ನೋಡಿ ಅವಳೂ ಒಂದು ದಾರಿ ಹುಡುಕುತ್ತಿದ್ದಿರಬೇಕು, ಜೊತೆಗೊಬ್ಬರು ಬೇಕಿತ್ತು. ಸತ್ತ ಅತ್ತೆಯನ್ನೂ ನೋಯಿಸದೆ ಬದುಕಿರುವ ಮಗಳನ್ನೂ ಕಾಯುವ ಆ ಜಾಣತನ ನನ್ನ ಓದಿನಲ್ಲಿ ನನಗೆ ಎಲ್ಲೂ ಸಿಗಲಿಲ್ಲ.

ಆ ಕಷಾಯದ ಚೊಂಬಿನ ಅಂಚು ತುಟಿ ಸುಟ್ಟದ್ದಂತೂ ಬರೀ ನೆನಪಲ್ಲ, ಈಗಲೂ ತುಟಿಗೆ ಗೊತ್ತು.

“ಮೆಲ್ಲಗೆ ಕುಡಿಯೇ, ಯಾರೂ ಕಿತ್ಕೊಳಕ್ಕಿಲ್ಲ,” ಎಂದಳು ಅವ್ವ. “ಇನ್ನೊಂದು ಚೊಂಬು ಕಾಯಕ್ಕಿಟ್ಟಿವ್ನಿ.”