ಬಿಟ್ಟ ಮನಿ

ಆ ಕೈಗಳ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ದಪ್ಪ ಹೆಬ್ಬೆರಳು, ಒತ್ತಿ ಕತ್ತರಿಸಿದ ಉಗುರು, ಬಳೆಯಿಲ್ಲದ ಮುಂಗೈ, ಅಲ್ಲಿಯತನಕ ಇಳಿಬಿದ್ದ ಕಂದು ಸ್ವೆಟರಿನ ತೋಳು. ಆಗ ಏಪ್ರಿಲ್ ತಿಂಗಳು. ಇಂಡಿ ಊರಿನ ನಮ್ಮ ಮನೆಯಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಮುದ್ದೇಬಿಹಾಳವೇನು ತಂಪು ಸೀಮೆಯೆ? ಅಲ್ಲಿ ಕುಳಿತ ಹೆಂಗಸು ಸ್ವೆಟರ್ ತೊಟ್ಟು ಫೋನಿನಲ್ಲಿ ಹೆಣಿಗೆ ಕಲಿಸುತ್ತಾರೆಂದರೆ ಇದರಲ್ಲಿ ಏನೋ ಮಸಲತ್ತಿದೆ ಎಂದು ನನಗೆ ಮೊದಲ ಭಾನುವಾರವೇ ಅನ್ನಿಸಿತು.

ಅನುಮಾನವೇ ನನ್ನ ಹೊಟ್ಟೆಪಾಡು. ಕಚೇರಿಗೆ ಜನ ತರುವ ದಾಖಲೆಗಳನ್ನು ಸೋಸಿ ನೋಡುವುದು ನನ್ನ ಕೆಲಸ. ಸಹಿಯ ಬಾಲ ಕೊಂಚ ಉದ್ದವಾದರೂ ಕಾಗದವನ್ನು ಬೆಳಕಿಗೆ ಹಿಡಿಯುತ್ತೇನೆ. ಮಗಳು ಬಸುರಿಯೆಂದು ತಿಳಿದಾಗ, ಹುಟ್ಟುವ ಕೂಸಿಗೆ ಎರಡು ಬಣ್ಣದ ಕುಲಾವಿ ನಾನೇ ಹೆಣೆಯಬೇಕೆಂಬ ಹುಕಿ ಹತ್ತಿತು. ಮುದ್ದೇಬಿಹಾಳದ ಆ ಹೆಣಿಗೆ ಟೀಚರ್, ನಮ್ಮೆಲ್ಲರ ಬಾಯಲ್ಲಿ ಅಕ್ಕೋರು, ಅವರ ಆನ್‌ಲೈನ್ ಕ್ಲಾಸಿಗೆ ಸೇರಿದೆ. ನಾನು ಸೇರಿದ್ದಲ್ಲದೆ ಸಿಂದಗಿಯ ನಾದಿನಿಯನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಸೇರಿಸಿದೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅವರ ಮನೆಯವರು ಕೇಳುವುದು ನನ್ನನ್ನೇ.

ಅಕ್ಕೋರ ಮುಖ ಯಾರೂ ನೋಡಿರಲಿಲ್ಲ. ಎರಡು ಕೈ, ಒಂದು ದನಿ, ಅಷ್ಟೇ. ದನಿ ತಡೆತಡೆದು ಬರುತ್ತಿತ್ತು. ನೆಟ್‌ವರ್ಕಿನ ಕಾಟ ಅಂದುಕೊಂಡಿದ್ದೆವು. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೂ ಅವರು 'ಮನಿ' ಅನ್ನುತ್ತಿದ್ದರು. "ಎರಡು ಮನಿ ಕೂಡಸ್ರಿ. ಈ ಕಡೆ ಹೊಸಾದೊಂದು ಮನಿ ಮಾಡ್ರಿ." ಪಕ್ಕದ ಕೋಣೆಯಲ್ಲಿ ಇದನ್ನು ಕೇಳಿಸಿಕೊಂಡ ನಮ್ಮ ಯಜಮಾನರು, ನಾನೆಲ್ಲೋ ಪ್ಲಾಟಿನ ದಂಧೆಗೆ ಇಳಿದೆನೆಂದು ಗಾಬರಿಯಾಗಿದ್ದರು.

ಪಾಠ ಮಾತ್ರ ಬಂಗಾರ. ಕೆಂಪು, ಬಿಳಿ ಎರಡೂ ದಾರ ಸೇರಿಸಿ ಹೂವು ಮೂಡಿಸುವಾಗ, ಸರದಿ ಇಲ್ಲದ ದಾರ ಬಟ್ಟೆಯ ಹಿಂದೆ ಅಡ್ಡ ಹಾಯ್ದು ಹೋಗುತ್ತದೆ. ನಾನು ಅದನ್ನು ಬಿಗಿಯಾಗಿ ಜಗ್ಗುತ್ತಿದ್ದೆ. ಕುಲಾವಿ ಮುದುಡಿ ನಮ್ಮೂರಿನ ಲಿಂಬೆಹಣ್ಣಿಗೂ ಸಾಲದಂತಾಯಿತು.

"ಹಿಂದಿನ ಬದಿ ತೋರಸ್ರಿ. ಖರೇ ಏನಿದ್ರೂ ಅಲ್ಲೇ ಇರತೈತಿ," ಅಂದರು ಅಕ್ಕೋರು. ತೋರಿಸಿದೆ. "ಭಾಳ ಜಗ್ತೀರಿ ನೀವು. ದಾರ ಎಲ್ಲೀ ಓಡಿ ಹೋಗಂಗಿಲ್ಲ. ಸಡ್ಲ ಬಿಡ್ರಿ."

ಮುಂದಿನ ಒಂದು ಭಾನುವಾರ ಪಾಠದ ನಡುವೆ ಅವರು, "ಎಡಕ್ಕ ಒಂದು ಮನಿ ಬಿಟ್ರೆಲ್ರೀ," ಅಂದರು. ಹೆಂಗಸರೆಲ್ಲ ತಮಗೇ ಅಂದರೆಂದು ತಲೆ ತಗ್ಗಿಸಿ ತಂತಮ್ಮ ಕಡ್ಡಿ ಹುಡುಕಿದರು. ನಾನೊಬ್ಬಳು ಪರದೆಯನ್ನೇ ನೋಡುತ್ತಿದ್ದೆ. ಆ ದಪ್ಪ ಕೈ ಗಕ್ಕನೆ ನಿಂತಿತು, ಹಿಂದಕ್ಕೆ ಹೋಯಿತು, ಬಿಟ್ಟ ಮನಿಯನ್ನು ಎತ್ತಿಕೊಂಡಿತು.

ತನ್ನ ಕೈಗೆ ತಾನೇ 'ರೀ' ಅನ್ನುವವರುಂಟೆ? ನಮ್ಮ ಕಡೆ ಹೆಂಗಸು 'ರೀ' ಹಚ್ಚುವುದು ಹೊರಗಿನವರಿಗೆ, ಇಲ್ಲವೆ ಗಂಡನಿಗೆ. ಪರದೆಯನ್ನು ದೊಡ್ಡದು ಮಾಡಿ ನೋಡಿದೆ. ತೋಳು ಸರಿದಲ್ಲಿ ಗಿಡ್ಡ ಕೂದಲು, ಕೊಯ್ದ ಜೋಳದ ಕೂಳೆಯ ಹಾಗೆ. ಗಂಡಸು! ನಾನು ಕರೆತಂದ ಹೆಂಗಸರ ಎದುರು ಕೈ ಬೋಳಿಸಿಕೊಂಡು ಕೂತ ಗಂಡಸು. ಮೈ ಉರಿದುಹೋಯಿತು.

ಅಕ್ಕೋರು ಕಳಿಸಿದ್ದ ದಾರದ ಪಾರ್ಸಲ್ಲಿನ ಮೇಲೆ ಅವರ ವಿಳಾಸವಿತ್ತು. ಮುಂದಿನ ಭಾನುವಾರ ನಸುಕಿನಲ್ಲೇ ಹೊರಟು, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಬೈಗುಳ ಜೋಡಿಸುತ್ತ ಮುದ್ದೇಬಿಹಾಳ ಮುಟ್ಟಿದೆ. ಬಾಗಿಲು ತೆರೆದದ್ದು ಒಬ್ಬ ಎತ್ತರದ ಮುದುಕ. ಒಂದು ಕೈಯಲ್ಲಿ ರೇಜರು, ಇನ್ನೊಂದು ಕೈಯ ತುಂಬ ಸೋಪಿನ ನೊರೆ.

"ಯಾರ್ ಬಂದಾರ್ರೀ?" ಒಳಗಿನಿಂದ ಅದೇ ತಡೆತಡೆದ ದನಿ.

ಅಕ್ಕೋರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಲಕ್ವಾ ಹೊಡೆದು ಎರಡು ವರ್ಷವಾಗಿತ್ತಂತೆ. ಆಲಮಟ್ಟಿಯಲ್ಲಿ ಕಾಲುವೆಯ ಗೇಟು ತಿರುವಿ ನಿವೃತ್ತರಾದ ಗಂಡ, ಹೆಂಡತಿ ಹೇಳಿದಂತೆ ಕೈ ಆಡಿಸುತ್ತಿದ್ದರು. ಹೇಳುವವರಿಲ್ಲದಿದ್ದರೆ ಅವರಿಗೆ ಒಂದು ಸಾಲೂ ಹೆಣೆಯಲು ಬರುತ್ತಿರಲಿಲ್ಲ.

"ಸುಳ್ಳು ಯಾಕ ಹೇಳಿದ್ರಿ?" ಅಂದೆ.

"ಕೈ ನಂದ ಅಂತ ಯಾವತ್ತರ ಅಂದೇನೇನು?"

"ಮತ್ತ ಸ್ವೆಟರ್ ಯಾತಕ್ಕ?"

ಅಕ್ಕೋರು ಗಂಡನ ಕಡೆ ನೋಡಿದರು. ಮುದುಕರೇ ಬಾಯಿಬಿಟ್ಟರು. "ಗಂಡಸಿನ ಕೈ ಕಂಡ್ರ ಹೆಣ್ಮಕ್ಕಳು ಕ್ಲಾಸ್ ಬಿಟ್ಟು ಹೋಗ್ತಾರ್ರಿ. ಕ್ಲಾಸ್ ನಿಂತ್ರ ಈಕಿ ಮತ್ತ ಗ್ವಾಡಿ ಕಡೆ ಮುಖ ಮಾಡಿ ಮಲಗತಾಳ. ಮೊದಲ ವರ್ಷ ಬರೇ ಗ್ವಾಡಿ ನೋಡಿದ್ಲು."

"ಹಿಂದಿನ ಬದಿ ನೋಡಾಕ ಇಷ್ಟು ದೂರ ಬಂದೀರಿ. ನೋಡಿದ್ರೆಲ್ಲ, ಹೋಗಿ ಎಲ್ಲಾರಿಗೂ ಹೇಳ್ರಿ," ಅಂದರು ಅಕ್ಕೋರು. ಕಣ್ಣು ಮಾತ್ರ ಬೇರೆಯೇ ಕೇಳುತ್ತಿತ್ತು.

ರೊಟ್ಟಿ ಉಣ್ಣಿಸಿದರು. ಉಣ್ಣುತ್ತಲೂ ನಾನು, ಈ ಲಕ್ವಾ ಖರೆಯೋ ನಾಟಕವೋ ಎಂದು ಆ ಬಲಗೈಯನ್ನೇ ಕದ್ದು ನೋಡುತ್ತಿದ್ದೆ. ನನ್ನ ಬುದ್ಧಿ ಅಂಥದ್ದು. ಮೂರು ಗಂಟೆಗೆ ಕ್ಲಾಸು ಶುರುವಾಯಿತು. ಆ ಕೋಣೆಯ ಮೂಲೆಯಲ್ಲೇ ಕುಳಿತು ನೋಡಿದೆ. ಫೋನಿಗೆ ಕಾಣುತ್ತಿದ್ದದ್ದು ಗಂಡನ ಕೈ. ಯಾರಿಗೂ ಕಾಣದ ಕಡೆ, ಚಾದರದ ಮೇಲೆ, ಅಕ್ಕೋರ ಎಡಗೈ ಬೆರಳುಗಳು ಒಂದೊಂದೇ ಮನಿ ಹೆಣೆಯುತ್ತಲೇ ಇದ್ದವು. ಅಂಥದ್ದನ್ನು ನಾಟಕ ಮಾಡಲು ಯಾರಿಗೂ ಬರುವುದಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ನಾದಿನಿ, "ಅಕ್ಕೋರಿಗೆ ಸೆಕಿ ಆಗಂಗಿಲ್ಲೇನು?" ಎಂದು ಕೇಳಿದಾಗ, ಅವರ ಮೈ ಥಂಡಿ ಎಂದು ನಾನೇ ಸುಳ್ಳು ಹೇಳಿದೆ. ಮೊಮ್ಮಗಳು ಹುಟ್ಟುವ ಹೊತ್ತಿಗೆ ನನ್ನ ಕುಲಾವಿ ಅವಳ ತಲೆಗೆ ಹಿತವಾಗಿ ಕೂಡುವಷ್ಟು ಸಡಿಲವಾಗಿತ್ತು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅಕ್ಕೋರು ತೀರಿಕೊಂಡರು. ಕ್ಲಾಸಿನವರಿಗೆಲ್ಲ ಇದ್ದದ್ದನ್ನು ಇದ್ದಂತೆ ಗ್ರೂಪಿನಲ್ಲಿ ಬರೆದು ಹಾಕಿದೆ, ನನ್ನ ಸುಳ್ಳನ್ನೂ ಸೇರಿಸಿ. ಒಬ್ಬರೂ ಉತ್ತರ ಬರೆಯಲಿಲ್ಲ. ಎಲ್ಲರೂ ಬಿಟ್ಟು ಹೋದರೆಂದೇ ತಿಳಿದೆ.

ಭಾನುವಾರ ಮೂರಕ್ಕೆ ಪರದೆ ತೆರೆಯಿತು. ಎಲ್ಲ ಹೆಂಗಸರೂ ಬಂದಿದ್ದರು. ಆ ಕೈಗಳೂ ಬಂದವು. ಸ್ವೆಟರ್ ಇರಲಿಲ್ಲ, ಮುಂಗೈ ತುಂಬ ನರೆತ ಕೂದಲು. ಕೈಗಳು ಕಡ್ಡಿ ಹಿಡಿದು ಹಾಗೇ ನಿಂತಿದ್ದವು. ಮುಂದಿನ ಮನಿ ಯಾವ ಬಣ್ಣದ್ದೆಂದು ಅವಕ್ಕೆ ತಿಳಿಯದು.

ನಾನು ಮೈಕ್ ತೆರೆದೆ.

"ಬಿಳೀ ದಾರ ತಗೋರಿ," ಅಂದೆ. "ಕೆಂಪು ಹಿಂದ ಇರಲಿ. ಸಡ್ಲ ಬಿಡ್ರಿ."

ಕೈಗಳು ಹೆಣೆಯತೊಡಗಿದವು.