ಹೆದರಿದ ಬೆಕ್ಕಿನ ಸಕ್ಕರೆ

ಬೆಳಗಿನ ಐದೂಮುಕ್ಕಾಲಿಗೆ ಪಶು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದೀಪ ಹತ್ತುತ್ತದೆ. ಅಲ್ಲಿರುವ ಒಂದೇ ಕಿಟಕಿ ಬೀದಿಯ ಮಟ್ಟಕ್ಕಿದೆ. ಅದರಲ್ಲಿ ಕಾಣುವುದು ಹೋಗಿಬರುವವರ ಚಪ್ಪಲಿ, ನಾಯಿಗಳ ಕಾಲು, ಅಷ್ಟೇ. ಬಿಳಿ ಕೋಟಿನ ಹೆಂಗಸೊಬ್ಬರು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತಕ್ಕೆ ಹರಡುತ್ತಾರೆ. ಕೈ ನಡುಗಿದರೆ ಕೆಲಸ ಕೆಟ್ಟಂತೆ. ಇವರ ಕೈ ನಡುಗುವುದಿಲ್ಲ. ಒಣಗಿಸಿ, ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಿಳಿ ಕಣಗಳನ್ನು ಎಣಿಸತೊಡಗುತ್ತಾರೆ. ಎಡಗೈ ಬೆರಳು ಎಣಿಕೆಯ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಲೇ ಇರುತ್ತದೆ.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಇವರು ಕೆಳಗಿನಕ್ಕ. ಬರೀ ಮರ್ಯಾದೆಗೆ ಕರೆಯುವ ಅಕ್ಕ ಅಲ್ಲ ಇದು. ಸರಿಯಾಗಿ ಇವರ ತಲೆಯ ಮೇಲಿನ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುವ ಡಾಕ್ಟರು ಇವರ ಒಡಹುಟ್ಟಿದ ತಂಗಿ. ಮನೆಯಲ್ಲಿ ಆಕೆ 'ಪುಟ್ಟಿ'. ಆಸ್ಪತ್ರೆಯ ಹೊಸಿಲು ದಾಟಿದರೆ 'ಡಾಕ್ಟ್ರೇ', 'ನೀವು'. ಮೂಗು ಒರೆಸಿ ಬೆಳೆಸಿದ ಕೂಸಿಗೆ ದಿನಾ ಬಹುವಚನ ಹಚ್ಚುವುದು ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು.

"ಹೊಟ್ಟೆಕಿಚ್ಚಾ ಅಂತ ಎಲ್ರೂ ಮನಸ್ಸಲ್ಲೇ ಕೇಳ್ತಾರೆ, ಬಾಯಿಬಿಟ್ಟು ಕೇಳಲ್ಲ. ಹೌದು, ಹೊಟ್ಟೆಕಿಚ್ಚೇ. ಇಪ್ಪತ್ತೊಂದು ವರ್ಷದ್ದು. ಇದಕ್ಕೊಂದು ಟೆಸ್ಟ್ ಅಂತ ಇದ್ದಿದ್ರೆ ನನ್ ರಕ್ತ ಹಾಕಿದ ದಿನವೇ ಮಷಿನ್ ಕೆಟ್ಟುಹೋಗ್ತಿತ್ತು," ಎಂದು ಕೆಳಗಿನಕ್ಕ ನಗುತ್ತಾರೆ. ನಗು ಬಾಯಲ್ಲಿ ಮಾತ್ರ ಇದೆ.

ಇಬ್ಬರಿಗೂ ಪಶುವೈದ್ಯರಾಗುವ ಆಸೆಯಿತ್ತು. ಅಕ್ಕನಿಗೆ ನಾಲ್ಕು ಅಂಕ ಕಡಿಮೆ ಬಿತ್ತು. ಪ್ರಯೋಗಾಲಯದ ಡಿಪ್ಲೊಮಾಗೆ ಸೇರಿದರು. ಮೂರು ವರ್ಷದ ನಂತರ ತಂಗಿ ಅದೇ ಪರೀಕ್ಷೆಯನ್ನು ಅಕ್ಕನ ಟಿಪ್ಪಣಿ ಪುಸ್ತಕ ಓದಿಯೇ ಪಾಸು ಮಾಡಿದಳು. "ತ್ಯಾಗ ಗೀಗ ಏನಿಲ್ಲ, ಹಾಗೆಲ್ಲ ಬರೀಬೇಡಿ. ನಂಗೆ ಮಾರ್ಕ್ಸ್ ಬರ್ಲಿಲ್ಲ, ಅವ್ಳಿಗೆ ಬಂತು. ಆದ್ರೆ ಆ ಪುಸ್ತಕದಲ್ಲಿ ಕೆಂಪು ಗೀಟು ಹಾಕಿದ್ದು ನಾನು," ಎನ್ನುತ್ತಾರೆ. ನೆಂಟರು ಬಂದರೆ ಅಮ್ಮ ಇಬ್ಬರನ್ನೂ ಪರಿಚಯಿಸುವ ಬಗೆಯೂ ಇವರಿಗೆ ಬಾಯಿಪಾಠ: "ಇವ್ಳು ಡಾಕ್ಟ್ರು. ಇವ್ಳೂ ಅಲ್ಲೇ ಎಲ್ಲೋ ಕೆಲಸ ಮಾಡ್ತಾಳೆ."

ಆ 'ಎಲ್ಲೋ'ಗೆ ದಿನಕ್ಕೆ ಅರವತ್ತು ಅರವತ್ತೈದು ರಕ್ತದ ಕೊಳವೆಗಳು ಬರುತ್ತವೆ. ಒಂದೊಂದು ಗಾಜಿನಲ್ಲೂ ಕನಿಷ್ಠ ನೂರು ಬಿಳಿ ಕಣ ಎಣಿಸಬೇಕು. ಮಷಿನ್ ಇದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಕ್ಕಿಯ ಕೆಂಪು ಕಣವನ್ನು ಅದು ಬಿಳಿ ಕಣವೆಂದು ಎಣಿಸಿಬಿಡುತ್ತದೆ. ಬೆಕ್ಕಿನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಣಗಳು ಒಂದಕ್ಕೊಂದು ಅಂಟಿಕೊಂಡರೆ, ಕಣಗಳೇ ಇಲ್ಲವೆಂದು ಬೊಬ್ಬೆ ಹೊಡೆಯುತ್ತದೆ. "ಮಷಿನ್ ಎಷ್ಟು ಅಂತ ಹೇಳತ್ತೆ, ಯಾಕೆ ಅಂತ ಹೇಳಲ್ಲ. ಯಾಕೆ ಅನ್ನೋದು ನನ್ ಕೆಲಸ."

ಆ 'ಯಾಕೆ' ಹೋಗಿ ಕೂರುವುದು ವರದಿಯ ಕೊನೆಯಲ್ಲಿ, 'ಷರಾ' ಎಂಬ ಎರಡು ಸಾಲಿನ ಜಾಗದಲ್ಲಿ. ಇಪ್ಪತ್ತೊಂದು ವರ್ಷ ಅಲ್ಲಿ ಬರೆದಿದ್ದಾರೆ. ಓದಿದೆ ಎಂದು ಮೇಲಿನಿಂದ ಒಬ್ಬರೂ ಹೇಳಿರಲಿಲ್ಲ. ಮೇಲಿನ ಗೋಡೆಯ ತುಂಬಾ ಧನ್ಯವಾದದ ಕಾರ್ಡುಗಳು, ತಂಗಿಯ ತೋಳಲ್ಲಿ ಬಗೆಬಗೆಯ ನಾಯಿ ಬೆಕ್ಕುಗಳ ಫೋಟೊಗಳು. ಕೆಳಗಿನ ಗೋಡೆಗೆ ಬೆಂಕಿ ಆರಿಸುವ ಸಿಲಿಂಡರು.

ಕಳೆದ ತಿಂಗಳಿನ ಸಂಗತಿಯನ್ನು ಕೆಳಗಿನಕ್ಕ ತಾವಾಗಿಯೇ ಹೇಳುತ್ತಾರೆ. ಗಡಿಯಾರ ರಿಪೇರಿಯ ಮುದುಕರೊಬ್ಬರು ತಮ್ಮ ಹನ್ನೆರಡು ವರ್ಷದ ಬೆಕ್ಕನ್ನು ತಂದಿದ್ದರು. ಅದು ಸೊರಗಿ ಕಡ್ಡಿಯಾಗಿತ್ತು. ಮೇಲೆ ಕುರ್ಚಿ ಉರುಳಿದ್ದು, ಬೆಕ್ಕು ಪ್ರಾಣ ಹೋದಂತೆ ಕಿರುಚಿದ್ದು, "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂಬ ಗದ್ದಲ, ಎಲ್ಲವೂ ಚಾವಣಿಯ ಮೂಲಕ ಇಳಿದುಬಂತು. ಹಿಂದೆಯೇ ರಕ್ತವೂ ಬಂತು. ಸಕ್ಕರೆ ಮುನ್ನೂರ ಹನ್ನೆರಡು, ಇರಬೇಕಾದ್ದರ ಎರಡು ಪಟ್ಟಿಗೂ ಹೆಚ್ಚು. ನೋಡಿದವರು ಸಕ್ಕರೆ ಕಾಯಿಲೆ ಎಂದೇ ಹೇಳಬೇಕು. ಆದರೆ ಹೆದರಿದ ಬೆಕ್ಕಿನ ಸಕ್ಕರೆ ನಿಮಿಷಗಳಲ್ಲಿ ಹೀಗೆ ಏರುತ್ತದೆ, ಬಿಳಿ ಕಣಗಳೂ ಏರುತ್ತವೆ. ಗಾಜಿನ ಮೇಲೂ ಅವು ಎಂದಿಗಿಂತ ಹೆಚ್ಚಿದ್ದವು. ಕೆಳಗಿನಕ್ಕನಿಗೆ ಅನುಮಾನ ಬಂತು.

ಪೆನ್ನು ಷರಾದ ಮೇಲೆ ನಿಂತಿತು. ಹಿಂದಿನ ದಿನವಷ್ಟೇ ತಂಗಿಯ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ಅಮ್ಮ ಅದನ್ನು ಕತ್ತರಿಸಿ ಬೀರುವಿನ ಗಾಜಿಗೆ ಅಂಟಿಸಿದ್ದರು. "ಬೀಳ್ಲಿ ಒಂದ್ಸಲ ಅನ್ನಿಸ್ತು. ಅವ್ಳೂ ತಪ್ತಾಳೆ ಅಂತ ಜನಕ್ಕೆ ಗೊತ್ತಾಗ್ಲಿ ಅನ್ನಿಸ್ತು. ಬರೀಲೇ ಇಲ್ಲ. ಖಾಲಿ ಬಿಟ್ಟು ಕಳಿಸ್ದೆ. ಇದನ್ನ ಬರ್ಕೊಳ್ಳಿ, ಪರವಾಗಿಲ್ಲ."

ಸ್ವಲ್ಪ ಹೊತ್ತಿಗೆ ಮೇಲಿನಿಂದ ತಂಗಿಯ ದನಿ ಕೇಳಿಸಿತು. ಮನೆಯಲ್ಲಿ ದಿನಕ್ಕೆರಡು ಸಲ ಇಂಜೆಕ್ಷನ್ ಚುಚ್ಚುವುದು ಹೇಗೆಂದು ಮುದುಕರಿಗೆ ಹೇಳಿಕೊಡುತ್ತಿದ್ದಳು. ಕಾಯಿಲೆಯೇ ಇಲ್ಲದ ಬೆಕ್ಕಿಗೆ ಆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಅದು ಸಾಯಬಹುದು. ಮುದುಕರು, "ನೋವಾಗಲ್ಲ ತಾನೇ ಇದಕ್ಕೆ?" ಎಂದರು. ಕೆಳಗಿನಕ್ಕ ಹದಿನಾಲ್ಕು ಮೆಟ್ಟಿಲನ್ನು ಓಡಿಯೇ ಹತ್ತಿದರು.

"ಪುಟ್ಟೀ, ಆ ಸೂಜಿ ಕೆಳಗಿಡೇ!"

ಡಾಕ್ಟರ ಮುಖ ಕೆಂಪಾಯಿತು. "ಅಕ್ಕಾ, ಏನಿದು?"

"ಅದು ಹೆದರಿದ ಸಕ್ಕರೆ ಇರ್ಬೇಕು ಕಣೇ. ಉಳಿದ ರಕ್ತದಲ್ಲಿ ಹಿಂದಿನ ಎರಡು ಮೂರು ವಾರದ ಸರಾಸರಿ ನೋಡ್ತೀನಿ. ಒಂದ್ ಗಂಟೆ ಕೊಡು."

ತಂಗಿ ವರದಿಯನ್ನು ತಿರುಗಿಸಿ ನೋಡಿದಳು. "ಷರಾದಲ್ಲಿ ಏನೂ ಇಲ್ವಲ್ಲ. ನಾನು ಮೊದಲು ಓದೋದೇ ಅದನ್ನ. ನೀನು ಏನೂ ಬರೆದಿಲ್ಲ ಅಂದ್ರೆ ಅನುಮಾನ ಇಲ್ಲ ಅಂತ ಅಂದ್ಕೊಂಡೆ ಅಕ್ಕ."

ಕೆಳಗಿನಕ್ಕ ಮೆಟ್ಟಿಲಿಳಿದು ಉಳಿದ ರಕ್ತವನ್ನು ಪರೀಕ್ಷೆಗೆ ಹಾಕಿದರು.

ಸರಾಸರಿ ಸರಿಯಾಗಿಯೇ ಇತ್ತು. ಬೆಕ್ಕು ಸೊರಗಿದ್ದು ಕೊಳೆತ ಹಲ್ಲಿನಿಂದ. ಕಿತ್ತ ಮೇಲೆ ತಿನ್ನತೊಡಗಿತು. ಮುದುಕರು ಕಾರ್ಡು ತಂದುಕೊಟ್ಟದ್ದು ಡಾಕ್ಟರಿಗೆ. ಅದು ಮೇಲಿನ ಗೋಡೆಯಲ್ಲೇ ಇದೆ, ತಂಗಿ ಬೆಕ್ಕನ್ನೆತ್ತಿಕೊಂಡ ಫೋಟೊದ ಪಕ್ಕದಲ್ಲಿ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಕೆಳಗಿನಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಎಲ್ಲಿ ಹೋಗತ್ತೆ? ಸ್ವಲ್ಪ ಇಳಿದಿದೆ. ಇರಬೇಕಾದ್ದಕ್ಕಿಂತ ಜಾಸ್ತಿನೇ ಇದೆ." ಆದರೆ ಅಂದಿನಿಂದ ಒಂದು ಷರಾವನ್ನೂ ಖಾಲಿ ಬಿಟ್ಟಿಲ್ಲ. ಹೇಳಲು ಏನೂ ಇಲ್ಲದ ವರದಿಯಲ್ಲೂ 'ನೋಡಿದ್ದೇನೆ' ಎಂದು ಬರೆಯುತ್ತಾರೆ.

ಆಸೆ ಏನಾದರೂ ಇದೆಯೇ? ಅವರು ಕಿಟಕಿಯತ್ತ ನೋಡುತ್ತಾರೆ. ಯಾವುದೋ ನಾಯಿಯ ನಾಲ್ಕು ಕಾಲು ದಾಟಿಹೋಗುತ್ತವೆ.

"ಆ ಬೆಕ್ಕಿನ ಮುಖ ನಾನು ನೋಡೇ ಇಲ್ಲ. ಅವತ್ತು ಬುಟ್ಟಿ ಮೇಲೆ ಬಟ್ಟೆ ಮುಚ್ಚಿತ್ತು, ಬಾಲ ಮಾತ್ರ ಕಂಡಿತು. ಫೋಟೊದಲ್ಲೂ ಪುಟ್ಟಿ ಕಡೆಗೇ ತಿರುಗಿದೆ. ಒಂದೇ ಒಂದ್ಸಲ ಅದನ್ನ ಇಲ್ಲಿಗೆ ಕರ್ಕೊಂಡ್ ಬಂದ್ರೆ..." ಎಂದವರು ಮುಂದಿನ ಗಾಜಿನ ಮೇಲೆ ಹನಿ ಇಡುತ್ತಾರೆ. "ಬೇಡ ಬಿಡಿ. ಹದಿನಾಲ್ಕು ಮೆಟ್ಟಿಲು ಇಳಿಯೋಷ್ಟರಲ್ಲಿ ಹೆದರ್ಕೊಂಡು ಮತ್ತೆ ಸಕ್ಕರೆ ಏರಿಸ್ಕೊಳ್ಳತ್ತೆ."